ಸುಮಾರಾದ ಸಿನಿಮಾ, ಗಟ್ಟಿಯಾದ ಕೊನೆ

(ಬಾಗಲಕೋಟೆಯ ನವನಗರದಲ್ಲಿ ಸಿನಿಮಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಚಿತ್ರದ ಕೊನೆಯನ್ನು ಇಲ್ಲಿ ಪೂರ್ತಿ ಹೇಳಿಬಿಟ್ಟಿದ್ದೇನೆ. ಬೇಡವೆನ್ನುವವರು ಮೊದಲು ಚಿತ್ರ ನೋಡಿ ಬರಬಹುದು.)

ಎಲ್ಲರಿಗೂ ನಮಸ್ಕಾರ. ಸಿನಿಮಾ ಕುರಿತು ಸಭೆಯಲ್ಲಿ ಮಾತನಾಡುವವರು ಒಂದೋ ಎಲ್ಲರೂ ಒಪ್ಪಿದ ಶ್ರೇಷ್ಠ ಚಿತ್ರವನ್ನು ಎತ್ತಿಕೊಂಡು ಹೊಗಳುತ್ತಾರೆ, ಇಲ್ಲವೇ ತೀರಾ ಕಳಪೆ ಚಿತ್ರವನ್ನು ಎಳೆದು ತಂದು ಸಭೆಯನ್ನು ನಗಿಸುತ್ತಾರೆ. ಎರಡೂ ಸುಲಭದ ಕೆಲಸ. ನಾವು ದುಡ್ಡು ಕೊಟ್ಟು ನೋಡುವ ಚಿತ್ರಗಳಲ್ಲಿ ಹೆಚ್ಚಿನವು ನಡುವಿನವು. ನೋಡಿ ಹೊರಬಂದ ಮೇಲೆ ‘ಪರವಾಗಿಲ್ಲ’ ಎಂದು ಹೇಳಿ ಚಹಾದ ಅಂಗಡಿಗೆ ನಡೆದುಬಿಡುತ್ತೇವೆ. ಆ ‘ಪರವಾಗಿಲ್ಲ’ವನ್ನು ಸ್ವಲ್ಪ ಕೆದಕಿ ನೋಡೋಣ ಎಂಬ ಆಸೆಯಿಂದ ಅಂಥದೇ ಒಂದು ಚಿತ್ರವನ್ನು ಆರಿಸಿಕೊಂಡಿದ್ದೇನೆ: 1988ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಹ್ಯಾಲೋವೀನ್ 4: ದಿ ರಿಟರ್ನ್ ಆಫ್ ಮೈಕಲ್ ಮೈಯರ್ಸ್’. ನಿರ್ದೇಶಕ ಡ್ವೈಟ್ ಲಿಟಲ್. 2022ರ ಹೊತ್ತಿಗೆ ಹದಿಮೂರು ಚಿತ್ರಗಳಾಗಿ ಬೆಳೆದ ಸರಣಿಯಲ್ಲಿ ಇದು ನಾಲ್ಕನೆಯದು.

ಇದು ಸ್ಲ್ಯಾಷರ್ ಎಂಬ ಜಾತಿಯ ಚಿತ್ರ. ಹಾಗೆಂದರೇನು ಎಂದು ಹಿರಿಯರು ಕೇಳಬಹುದು. ಮುಖವಾಡ ತೊಟ್ಟ ಒಬ್ಬ ಕೊಲೆಗಾರ, ಕೈಯಲ್ಲಿ ಚೂರಿಯೋ ಕೊಡಲಿಯೋ, ಒಬ್ಬೊಬ್ಬರಾಗಿ ಸಾಯುವ ಹರೆಯದ ಹುಡುಗ ಹುಡುಗಿಯರು, ಕೊನೆಯಲ್ಲಿ ಉಳಿದು ಎದುರು ನಿಲ್ಲುವ ಒಬ್ಬಳು ಹುಡುಗಿ. ಇಷ್ಟು ತಿಳಿದಿದ್ದರೆ ಸಾಕು. ಚೌಕಟ್ಟು ಇಷ್ಟು ಬಿಗಿಯಾಗಿರುವುದರಿಂದ ನಿರ್ದೇಶಕನಿಗೆ ಕೈಯಾಡಿಸಲು ಉಳಿಯುವ ಜಾಗ ಬಹಳ ಕಡಿಮೆ. ಹಾಗಾಗಿಯೇ ಆ ಸ್ವಲ್ಪ ಜಾಗದಲ್ಲಿ ಅವನು ಏನು ಮಾಡಿದ ಎಂಬುದು ಎದ್ದು ಕಾಣುತ್ತದೆ.

ನಾಲ್ಕನೆಯದನ್ನು ಅಳೆಯಬೇಕಾದರೆ ಮೊದಲನೆಯದರ ಪರಿಚಯ ಬೇಕು. 1978ರಲ್ಲಿ ಜಾನ್ ಕಾರ್ಪೆಂಟರ್ ಸುಮಾರು ಮೂರು ಲಕ್ಷ ಡಾಲರ್‌ನಲ್ಲಿ ‘ಹ್ಯಾಲೋವೀನ್’ ಮಾಡಿದರು. ಅಮೆರಿಕದಲ್ಲೇ ಅದು 4 ಕೋಟಿ 70 ಲಕ್ಷ ಡಾಲರ್ ಗಳಿಸಿತು. ಆರಂಭದ ದೃಶ್ಯ ಇಂದಿಗೂ ಸಿನಿಮಾ ಕಲಿಯುವವರ ಪಾಠ. 1963ರ ಹ್ಯಾಲೋವೀನ್ ರಾತ್ರಿ, ಅಂದರೆ ಅಮೆರಿಕದ ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗುವ ಅಕ್ಟೋಬರ್ ಕೊನೆಯ ಹಬ್ಬ. ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಎಂಬ ಕಲ್ಪಿತ ಊರು. ಯಾರದೋ ಕಣ್ಣಿನಿಂದ ನಾವು ಮನೆಯೊಳಗೆ ಹೋಗುತ್ತೇವೆ, ಅಡುಗೆಮನೆಯಲ್ಲಿ ಚೂರಿ ತೆಗೆದುಕೊಳ್ಳುತ್ತೇವೆ, ಮೆಟ್ಟಿಲು ಹತ್ತುತ್ತೇವೆ, ಮುಖವಾಡ ಹಾಕಿಕೊಳ್ಳುತ್ತೇವೆ. ಅಲ್ಲಿಂದ ಮುಂದೆ ನಮಗೆ ಕಾಣುವುದು ಅದರ ಎರಡು ಕಣ್ಣುತೂತುಗಳಿಂದ ಕಾಣುವಷ್ಟೇ. ಒಬ್ಬ ಹುಡುಗಿಯ ಕೊಲೆ. ಹೊರಗೆ ಬಂದಾಗ ತಂದೆ ಮುಖವಾಡ ಕಳಚುತ್ತಾರೆ. ಒಳಗಿರುವುದು ವಿದೂಷಕನ ವೇಷ ತೊಟ್ಟ ಆರು ವರ್ಷದ ಹುಡುಗ, ಮೈಕಲ್. ಕೊಂದದ್ದು ತನ್ನ ಅಕ್ಕನನ್ನು. ಯಾಕೆ ಎಂಬ ಪ್ರಶ್ನೆಗೆ ಚಿತ್ರ ಉತ್ತರ ಕೊಡುವುದಿಲ್ಲ. ಹದಿನೈದು ವರ್ಷದ ಮೇಲೆ ಅವನು ಆಸ್ಪತ್ರೆಯಿಂದ ತಪ್ಪಿಸಿಕೊಂಡು ಊರಿಗೆ ಬರುತ್ತಾನೆ, ಬಿಳಿ ಮುಖವಾಡ ತೊಟ್ಟು. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಅಗ್ಗದ ಮುಖವಾಡವೊಂದನ್ನು ಅಂಗಡಿಯಿಂದ ತಂದು, ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿ ಅದನ್ನು ತಯಾರಿಸಿದ್ದರು. ಆ ಮುಖದಲ್ಲಿ ಏನೂ ಬರೆದಿಲ್ಲ, ಹಾಗಾಗಿ ನಮಗೆ ಬೇಕಾದ ಭಯವನ್ನೆಲ್ಲ ನಾವೇ ಅದರ ಮೇಲೆ ಬರೆದುಕೊಳ್ಳುತ್ತೇವೆ.

1981ರ ಎರಡನೆಯ ಭಾಗ ಮಾಡಿದ ದೊಡ್ಡ ಹಾನಿಯೆಂದರೆ ಕಾರಣ ಹುಡುಕಿದ್ದು. ಮೊದಲ ಚಿತ್ರದಲ್ಲಿ ಬದುಕುಳಿದ ಲಾರಿ ಎಂಬ ಹುಡುಗಿ ಮೈಕಲನ ತಂಗಿಯೇ ಎಂದು ಅದು ಹೇಳಿಬಿಟ್ಟಿತು. ಚಿತ್ರಕಥೆ ಬರೆಯುವಾಗ ಬಿಯರ್ ಕುಡಿಯುತ್ತ ಕೂತಿದ್ದಾಗ ಆ ತಿರುವು ಹುಟ್ಟಿತು ಎಂದು ಕಾರ್ಪೆಂಟರ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ನನಗೇನೂ ಆಶ್ಚರ್ಯವಾಗಲಿಲ್ಲ. ಯಾರನ್ನಾದರೂ ಕೊಲ್ಲಬಹುದಾಗಿದ್ದವನು ಒಂದೇ ಮನೆತನದ ಬೆನ್ನು ಹತ್ತಿದವನಾದ, ನೋಡುವವರಿಗೆ ‘ನಾವು ಆ ಮನೆಯವರಲ್ಲವಲ್ಲ’ ಎಂಬ ಸಮಾಧಾನ ಸಿಕ್ಕಿತು. ಚಿತ್ರದ ಕೊನೆಗೆ ಮೈಕಲನೂ ಅವನ ವೈದ್ಯ ಡಾಕ್ಟರ್ ಲೂಮಿಸ್ ಕೂಡ ಬೆಂಕಿಯಲ್ಲಿ ಮುಗಿದುಹೋಗುತ್ತಾರೆ. ಕತೆ ಅಲ್ಲಿಗೆ ಮುಗಿಯಿತು ಎಂಬುದೇ ಕಾರ್ಪೆಂಟರ್ ಲೆಕ್ಕ.

1982ರ ಮೂರನೆಯ ಭಾಗದಲ್ಲಿ ಮೈಕಲ್ ಇಲ್ಲವೇ ಇಲ್ಲ. ಪ್ರತಿ ವರ್ಷ ಹ್ಯಾಲೋವೀನ್ ಹಬ್ಬದ ಸುತ್ತ ಒಂದೊಂದು ಬೇರೆ ಕತೆ ಹೇಳೋಣ ಎಂಬ ಯೋಚನೆ. ಮಕ್ಕಳ ಮುಖವಾಡಗಳಲ್ಲಿ ಮಾಟ ಅಡಗಿಸಿಡುವ ಒಬ್ಬ ಕಾರ್ಖಾನೆದಾರನ ಕತೆ ಅದು. ಇಂದು ಅದಕ್ಕೆ ಅಭಿಮಾನಿಗಳಿದ್ದಾರೆ, ನಾನೂ ಒಬ್ಬ. ಆದರೆ ಅಂದಿನ ಜನ ಸಿಟ್ಟಾದರು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವ ನಿಮಗೆ ಆ ಸಿಟ್ಟು ಅರ್ಥವಾಗುತ್ತದೆ. ಸಾಲಾಗಿ ನಾಟಕ ಕಂಪನಿಗಳ ಟೆಂಟುಗಳು, ಹೊರಗೆ ದೊಡ್ಡ ಬೋರ್ಡು, ಧ್ವನಿವರ್ಧಕದಲ್ಲಿ ಹಾಸ್ಯ ಕಲಾವಿದನ ಹೆಸರು. ಜನ ಟಿಕೆಟ್ ಕೊಳ್ಳುವುದು ಆ ಹೆಸರಿಗೆ. ಒಳಗೆ ಹೋದ ಮೇಲೆ ಪರದೆ ಎದ್ದು, ಅದೇ ಕಂಪನಿ, ಆದರೆ ಆ ನಟನೇ ಇಲ್ಲದ ಬೇರೆ ನಾಟಕ ಶುರುವಾದರೆ, ಅದು ಎಷ್ಟೇ ಒಳ್ಳೆಯ ನಾಟಕವಿರಲಿ, ಹಿಂದಿನ ಸಾಲಿನಿಂದ ಕೂಗು ಏಳುತ್ತದೆ. ಎರಡನೆಯ ಭಾಗ ಸುಮಾರು 2 ಕೋಟಿ 55 ಲಕ್ಷ ಡಾಲರ್ ತಂದಿತ್ತು, ಮೂರನೆಯದು 1 ಕೋಟಿ 44 ಲಕ್ಷಕ್ಕೆ ಇಳಿಯಿತು. ಆರು ವರ್ಷ ಯಾರೂ ಈ ಸರಣಿಯನ್ನು ಮುಟ್ಟಲಿಲ್ಲ.

ನಾಲ್ಕನೆಯ ಭಾಗದ ಹೆಸರಿನಲ್ಲೇ ‘ಮೈಕಲ್ ಮರಳಿ ಬಂದಿದ್ದಾನೆ’ ಎಂದು ಬರೆದದ್ದು ಯಾಕೆ ಎಂದು ಈಗ ತಿಳಿಯುತ್ತದೆ. ಅದು ನಿರ್ಮಾಪಕ ಮುಸ್ತಫಾ ಅಕ್ಕಾದ್ ಜನರಿಗೆ ಬರೆದುಕೊಟ್ಟ ಮುಚ್ಚಳಿಕೆ. ಸಿರಿಯಾದ ಅಲೆಪ್ಪೊದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ಮನುಷ್ಯ ‘ದಿ ಮೆಸೇಜ್’ ಮತ್ತು ‘ಲಯನ್ ಆಫ್ ದಿ ಡೆಸರ್ಟ್’ ಎಂಬ ಭಾರೀ ಐತಿಹಾಸಿಕ ಚಿತ್ರಗಳನ್ನು ನಿರ್ದೇಶಿಸಿದವರು. ಇಸ್ಲಾಂ ಧರ್ಮದ ಆರಂಭದ ದಿನಗಳನ್ನು ತೆರೆಗೆ ತಂದವರೇ ಮುಖವಾಡದ ಕೊಲೆಗಾರನನ್ನು ದಶಕಗಳ ಕಾಲ ಸಾಕಿದರು ಎಂಬುದು ಸಿನಿಮಾ ಲೋಕದ ವಿಚಿತ್ರಗಳಲ್ಲಿ ಒಂದು. 2005ರಲ್ಲಿ ಜೋರ್ಡಾನ್‌ನ ಅಮ್ಮಾನ್ ನಗರದ ಹೋಟೆಲುಗಳಲ್ಲಿ ನಡೆದ ಬಾಂಬ್ ದಾಳಿಗೆ ಅವರೂ ಅವರ ಮಗಳೂ ಬಲಿಯಾದರು. ಅದು ಬೇರೆಯೇ ಒಂದು ಉಪನ್ಯಾಸದ ವಿಷಯ.

ಚಿತ್ರ ತಯಾರಾದ ರೀತಿ ಅದರ ಮೈಮೇಲೆ ಕಾಣುತ್ತದೆ. ಅಮೆರಿಕದ ಚಿತ್ರಕಥೆಗಾರರ ಸಂಘದ ಮುಷ್ಕರ 1988ರ ಮಾರ್ಚ್ 7ಕ್ಕೆ ಆರಂಭವಾಗಲಿತ್ತು. ಅಷ್ಟರೊಳಗೆ ಮುಗಿಸಬೇಕೆಂದು ಅಲನ್ ಮ್ಯಾಕೆಲ್ರಾಯ್ ಎಂಬ ತರುಣ 11 ದಿನಗಳಲ್ಲಿ ಚಿತ್ರಕಥೆ ಬರೆದುಕೊಟ್ಟರು. ಚಿತ್ರೀಕರಣ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಸುತ್ತಮುತ್ತ. ಮೊದಲ ಚಿತ್ರದ ಹ್ಯಾಡನ್‌ಫೀಲ್ಡ್ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಹೆಸರು ಅದೇ, ನೆಲ ಬೇರೆ. ಹಿನ್ನೀರು ಬಂದು ಊರು ನವನಗರಕ್ಕೆ ಸರಿದದ್ದನ್ನು ಕಂಡ ಬಾಗಲಕೋಟೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕತೆ ನಡೆಯುವುದು ಅಕ್ಟೋಬರ್ ಕೊನೆಯಲ್ಲಿ, ಚಿತ್ರೀಕರಣ ನಡೆದದ್ದು ವಸಂತದಲ್ಲಿ. ಹಬ್ಬಕ್ಕೆ ಬೇಕಾದ ಕಿತ್ತಳೆ ಬಣ್ಣದ ಕುಂಬಳಕಾಯಿ ಆ ಹೊತ್ತಿನಲ್ಲಿ ಸಿಗದೆ, ಬೇರೆ ಜಾತಿಯ ಕಾಯಿಗಳನ್ನು ತರಿಸಿ ಬಣ್ಣ ಬಳಿದರು.

ಇಷ್ಟೆಲ್ಲ ಅವಸರದ ನಡುವೆಯೂ ಚಿತ್ರದ ಮೊದಲ ಎರಡು ನಿಮಿಷ ನೋಡಿ. ಬಯಲು, ಹೊಲ, ಒಂಟಿ ಕೊಟ್ಟಿಗೆ, ಬೆದರುಬೊಂಬೆ, ಮುಗಿಯುತ್ತಿರುವ ಸಂಜೆಯ ಬೆಳಕು. ಒಬ್ಬ ಮನುಷ್ಯನೂ ಇಲ್ಲ. ಕಾರ್ಪೆಂಟರ್ ಅವರ ಪರಿಚಿತ ಪಿಯಾನೋ ರಾಗವೂ ಇಲ್ಲ, ಈ ಚಿತ್ರದ ಸಂಗೀತಗಾರ ಅಲನ್ ಹೊವಾರ್ತ್ ಅವರ ಗುಯ್ಗುಡುವ ಸದ್ದು ಮಾತ್ರ. ಹಬ್ಬವೊಂದು ಊರಿಗೆ ಬರುವ ಮೊದಲು ಹೊಲಕ್ಕೆ ಬರುತ್ತದೆ ಎಂಬುದನ್ನು ಬೇಸಾಯದ ಊರಿನವರಾದ ನಾವು ಬೇಗ ಹಿಡಿಯುತ್ತೇವೆ. ಹದಿಮೂರು ಚಿತ್ರಗಳಲ್ಲಿ ಸುಗ್ಗಿ ಮುಗಿದ ನೆಲದ ಖಾಲಿತನವನ್ನು ಇಷ್ಟು ಚೆನ್ನಾಗಿ ತೋರಿಸಿದ್ದು ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಕತೆ ಶುರುವಾಗುತ್ತದೆ, ಮಟ್ಟ ಇಳಿಯುತ್ತದೆ. ಸತ್ತನೆಂದುಕೊಂಡ ಮೈಕಲ್ ಹತ್ತು ವರ್ಷ ಕೋಮಾದಲ್ಲಿದ್ದಾನೆ. ಅವನನ್ನು ಆಂಬುಲೆನ್ಸಿನಲ್ಲಿ ಸಾಗಿಸುವಾಗ ಸಿಬ್ಬಂದಿ ಮಾತಿಗೆ ಮಾತು ಬಂದು ‘ಇವನಿಗೊಬ್ಬಳು ಸೋದರ ಸೊಸೆ ಇದ್ದಾಳೆ’ ಎನ್ನುತ್ತಾರೆ. ಅಷ್ಟು ಕಿವಿಗೆ ಬಿದ್ದದ್ದೇ ಕಣ್ಣು ತೆರೆಯುತ್ತಾನೆ. ಹತ್ತು ವರ್ಷದ ನಿದ್ದೆಯಿಂದ ಎದ್ದವನು ಹೆಬ್ಬೆರಳನ್ನು ಒಬ್ಬನ ಹಣೆಯೊಳಗೆ ಇಳಿಸುತ್ತಾನೆ. ಬೆಂಕಿಯಲ್ಲಿ ಮುಗಿದಿದ್ದ ಲೂಮಿಸ್ ಕೂಡ ಬದುಕಿದ್ದಾರೆ, ಮುಖದ ಮೇಲೆ ಒಂದಿಷ್ಟು ಸುಟ್ಟ ಗುರುತು, ಕೈಯಲ್ಲೊಂದು ಊರುಗೋಲು. ಲಾರಿಯ ಪಾತ್ರ ಮಾಡಿದ್ದ ನಟಿ ಜೇಮಿ ಲೀ ಕರ್ಟಿಸ್ ಈ ಚಿತ್ರದಲ್ಲಿ ಇಲ್ಲವಾದ್ದರಿಂದ, ಕಾರು ಅಪಘಾತದಲ್ಲಿ ಆ ಹುಡುಗಿ ಸತ್ತಳು ಎಂದು ಒಂದು ಮಾತಿನಲ್ಲಿ ಮುಗಿಸಿದ್ದಾರೆ. ಹಿಂದಿನ ಚಿತ್ರಗಳಲ್ಲಿ ಸತ್ತವರು ಎದ್ದು ಕುಳಿತು ಬದುಕಿದ್ದವಳು ಸತ್ತುಹೋಗುವುದು ಸರಣಿಯ ಲೆಕ್ಕಪತ್ರದ ಅನುಕೂಲ.

ಲೂಮಿಸ್ ಪಾತ್ರದ ಡೊನಾಲ್ಡ್ ಪ್ಲೆಸೆನ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು. ಆಗ ಅವರಿಗೆ ಅರವತ್ತೆಂಟು ವರ್ಷ. ಕತೆಯ ಎಲ್ಲ ಅಸಂಭವಗಳನ್ನೂ ಅವರೊಬ್ಬರೇ ಹೆಗಲ ಮೇಲೆ ಹೊತ್ತಿದ್ದಾರೆ. ಊರ ಹೊರಗಿನ ಪೆಟ್ರೋಲ್ ಬಂಕಿನ ದೃಶ್ಯದಲ್ಲಿ ಅವರು ಮೈಕಲನಿಗೆ ಎದುರಾಗಿ, ಮೊದಲು ಗುಂಡು ಹಾರಿಸದೆ, ಬೇಡಿಕೊಳ್ಳುತ್ತಾರೆ: ಹ್ಯಾಡನ್‌ಫೀಲ್ಡ್‌ಗೆ ಹೋಗಬೇಡ, ಬೇಕಾದರೆ ನನ್ನನ್ನು ತೆಗೆದುಕೋ. ಎದುರಿಗೆ ಇರುವುದು ಬ್ಯಾಂಡೇಜು ಸುತ್ತಿದ ಒಂದು ಆಕಾರ. ಉತ್ತರ ಬಾರದು ಎಂದು ಗೊತ್ತಿದ್ದೂ ಕೇಳುವ ಮುದುಕನ ದನಿ ಅದು. ಅಲ್ಲಿಂದ ಮುಂದೆ ವಾಹನ ಸುಟ್ಟುಹೋಗಿ ಅವರು ರಸ್ತೆಯಲ್ಲಿ ಕೈ ಚಾಚಿ ನಿಂತಾಗ ಹಳೆಯ ಗಾಡಿಯೊಂದರಲ್ಲಿ ಒಬ್ಬ ಕುಡುಕ ಪಾದ್ರಿ ಹತ್ತಿಸಿಕೊಳ್ಳುತ್ತಾನೆ. ಸೈತಾನನ ಬೆನ್ನು ಹತ್ತಿದ ಇಬ್ಬರು ಹುಚ್ಚರು ಜೊತೆಯಾಗಿ ಹಾಡುತ್ತ ಹೋಗುವ ಆ ಒಂದು ನಿಮಿಷ ಕತೆಗೆ ಬೇಕಿರಲಿಲ್ಲ. ಬೇಡದ ಕಡೆ ಚಿತ್ರ ಜೀವಂತವಾಗುವುದು ಸುಮಾರಾದ ಚಿತ್ರಗಳ ಒಂದು ಲಕ್ಷಣ.

ಇನ್ನು ಊರಿನ ಭಾಗ. ಮೈಕಲ್ ಬಂದಿದ್ದಾನೆ ಎಂಬ ಸುದ್ದಿ ಹಬ್ಬಿದ ಕೂಡಲೇ ಬಾರಿನಲ್ಲಿ ಕುಳಿತವರು ಬಂದೂಕು ತೆಗೆದುಕೊಂಡು ಪಿಕಪ್ ವಾಹನ ಹತ್ತುತ್ತಾರೆ. ಕತ್ತಲಲ್ಲಿ ಪೊದೆ ಅಲುಗಿದ್ದನ್ನು ಕಂಡು ಗುಂಡಿನ ಮಳೆ ಸುರಿಸುತ್ತಾರೆ. ಸತ್ತವನು ಅದೇ ಊರಿನ ಒಬ್ಬ ಸಾಮಾನ್ಯ ಮನುಷ್ಯ. ವದಂತಿ, ಗುಂಪು, ಹೆಣ. ಮೊಬೈಲಿನಲ್ಲಿ ಬಂದ ಸಂದೇಶ ನಂಬಿ ಅಪರಿಚಿತರನ್ನು ಬಡಿದು ಕೊಂದ ಸುದ್ದಿಗಳನ್ನು ಓದಿದ ನಮಗೆ ಈ ದೃಶ್ಯ 1988ರ ಪ್ರೇಕ್ಷಕರಿಗಿಂತ ಹೆಚ್ಚು ಚುಚ್ಚಬೇಕು. ಆದರೆ ನಿರ್ದೇಶಕರು ಅದನ್ನು ತೆರೆದು ಅಲ್ಲಿಯೇ ಬಿಟ್ಟುಬಿಟ್ಟಿದ್ದಾರೆ. ಗುಂಪಿನವರ ಮುಖದ ಮೇಲೆ ಒಂದು ಕ್ಷಣದ ಗಾಬರಿ, ಅಷ್ಟೇ. ಸತ್ತವನ ಮನೆಯವರಿಲ್ಲ, ಕೇಳುವವರಿಲ್ಲ. 2021ರ ‘ಹ್ಯಾಲೋವೀನ್ ಕಿಲ್ಸ್’ ಈ ಎಳೆಯನ್ನೇ ಹಿಡಿದು ದೊಡ್ಡದಾಗಿ ಎಳೆಯಿತು. ಆಸ್ಪತ್ರೆಯಲ್ಲಿ ತಪ್ಪು ಮನುಷ್ಯನನ್ನು ಅಟ್ಟಿಸಿಕೊಂಡು ಹೋಗುವ ಗುಂಪು, ಅವನ ಸಾವು. ಅದರಲ್ಲಿ ಭಾಷಣ ಹೆಚ್ಚಾಯಿತು ಎನ್ನುವವರೂ ಮೊದಲ ಬೀಜ ಇಲ್ಲಿದೆ ಎಂಬುದನ್ನು ಒಪ್ಪಬೇಕು.

ಕೊಲೆಗಳ ವಿಷಯದಲ್ಲಿ ಚಿತ್ರ ಸೋಲುತ್ತದೆ. ಮೊದಲ ಚಿತ್ರದಲ್ಲಿ ರಕ್ತ ಅತಿ ಕಡಿಮೆ, ಕಾಯುವಿಕೆ ಹೆಚ್ಚು. ಇಲ್ಲಿ ಮೈಕಲ್ ಒಬ್ಬ ಕಾರ್ಮಿಕನನ್ನು ವಿದ್ಯುತ್ ಕೇಂದ್ರದ ಯಂತ್ರದ ಮೇಲೆ ಎಸೆದು ಇಡೀ ಊರಿನ ಕರೆಂಟು ತೆಗೆಯುತ್ತಾನೆ, ಪೊಲೀಸ್ ಠಾಣೆಯನ್ನು ಒಬ್ಬನೇ ಧ್ವಂಸ ಮಾಡುತ್ತಾನೆ, ಬಂದೂಕನ್ನು ಹಾರಿಸುವ ಬದಲು ಅದರಿಂದಲೇ ಹುಡುಗಿಯನ್ನು ಗೋಡೆಗೆ ಚುಚ್ಚುತ್ತಾನೆ. ಶಕ್ತಿ ಬೆಳೆದಿದೆ, ಭಯ ಬೆಳೆದಿಲ್ಲ. ಅದೇ ವರ್ಷ ‘ಫ್ರೈಡೇ ದ ಥರ್ಟೀನ್ತ್’ ಸರಣಿಯ ಏಳನೆಯದೂ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಸರಣಿಯ ನಾಲ್ಕನೆಯದೂ ಬಂದಿದ್ದವು. ಮೈಕಲ್ ಆ ಸಂತೆಯಲ್ಲಿ ಅಂಗಡಿ ಹಾಕಬೇಕಿತ್ತು, ಆದ್ದರಿಂದ ಪಕ್ಕದವರ ಸರಕನ್ನೇ ತಂದಿಟ್ಟ. ಮುಖವಾಡವಂತೂ ಬಹಳ ಪೇಲವ. ಶಾಲೆಯೊಳಗಿನ ಒಂದು ಶಾಟ್‌ನಲ್ಲಿ ಅದರ ಕೂದಲಿನ ಬಣ್ಣವೇ ಬೇರೆ, ತಿಳಿ ಹೊಂಬಣ್ಣ. ಯಾರೋ ಬೇರೆ ಮುಖವಾಡ ಎತ್ತಿಕೊಂಡು ಬಂದಿದ್ದಾರೆ, ಯಾರೂ ಗಮನಿಸಿಲ್ಲ. ಅಭಿಮಾನಿಗಳು ಇದನ್ನು ಪ್ರೀತಿಯಿಂದ ಎತ್ತಿ ಆಡುತ್ತಾರೆ. ನನಗೆ ಅದು ಅವಸರದ ರಸೀದಿಯಂತೆ ಕಾಣುತ್ತದೆ.

ಮಾಳಿಗೆಯ ಮೇಲಿನ ಅಟ್ಟಿಸುವಿಕೆಯನ್ನು ಮಾತ್ರ ಈ ದೂರಿನಿಂದ ಹೊರಗಿಡುತ್ತೇನೆ. ಇಳಿಜಾರು ಚಾವಣಿ, ಜಾರುವ ಕಾಲು, ಪುಟ್ಟ ಹುಡುಗಿಯನ್ನು ಹಗ್ಗದಂಥ ತಂತಿಗೆ ಕಟ್ಟಿ ಕೆಳಗಿಳಿಸುವ ಅಕ್ಕ, ಹಿಂದೆ ಅವಸರವಿಲ್ಲದೆ ಬರುವ ಮೈಕಲ್. ಯಾರು ಎಲ್ಲಿದ್ದಾರೆ, ಎಷ್ಟು ದೂರವಿದ್ದಾರೆ ಎಂಬುದು ಪ್ರತಿ ಕ್ಷಣವೂ ಗೊತ್ತಾಗುತ್ತದೆ. ಹಾರರ್ ಚಿತ್ರದಲ್ಲಿ ಇಷ್ಟು ಸ್ಪಷ್ಟವಾಗಿ ಜಾಗ ತೋರಿಸುವುದು ಸಣ್ಣ ಕೆಲಸವಲ್ಲ.

ಆ ಇಬ್ಬರು ಹುಡುಗಿಯರೇ ಚಿತ್ರದ ನಿಜವಾದ ಆಸ್ತಿ. ಲಾರಿಯ ಮಗಳು ಜೇಮಿ, ತಾಯಿ ತಂದೆ ಇಲ್ಲದೆ ಇನ್ನೊಬ್ಬರ ಮನೆಯಲ್ಲಿ ಸಾಕುಮಗಳಾಗಿ ಬೆಳೆಯುತ್ತಿರುವವಳು. ಡ್ಯಾನಿಯಲ್ ಹ್ಯಾರಿಸ್ ಈ ಪಾತ್ರ ಮಾಡಿದಾಗ ಆಕೆಗೆ ಹತ್ತು ಹನ್ನೊಂದು ವರ್ಷ. ಆ ಮನೆಯ ಮಗಳು ರೇಚಲ್, ಆ ಪಾತ್ರ ಮಾಡಿದವರು ಎಲೀ ಕಾರ್ನೆಲ್. ನಿದ್ದೆ ಬಾರದ ಜೇಮಿ ನಡುರಾತ್ರಿ ರೇಚಲಳನ್ನು ಕೇಳುತ್ತಾಳೆ, ನನ್ನನ್ನು ಪ್ರೀತಿಸುತ್ತೀಯಾ, ಸ್ವಂತ ತಂಗಿಯ ಹಾಗೆ? ರೇಚಲ್ ಸುಳ್ಳು ಹೇಳುವುದಿಲ್ಲ. ನಾವು ನಿಜವಾದ ಅಕ್ಕತಂಗಿಯರಲ್ಲ, ಆದರೂ ನಿನ್ನನ್ನು ಪ್ರೀತಿಸುತ್ತೇನೆ ಎನ್ನುತ್ತಾಳೆ. ಶಾಲೆಯಲ್ಲಿ ಮಕ್ಕಳು ಜೇಮಿಯನ್ನು ಸುತ್ತುವರಿದು, ಅವಳ ಸೋದರಮಾವ ಗುಮ್ಮ, ಅವಳ ತಾಯಿ ಸತ್ತವಳು ಎಂದು ಕೂಗಿ ಅಣಕಿಸುತ್ತಾರೆ. ಮೈಕಲನ ಚೂರಿಗಿಂತ ಆ ಮಕ್ಕಳ ಕೂಗು ಹೆಚ್ಚು ಗಾಯ ಮಾಡುವಂಥದ್ದು. ಅದಾದ ಮೇಲೆ ಹಬ್ಬಕ್ಕೆ ವೇಷ ಕೊಳ್ಳಲು ಅಂಗಡಿಗೆ ಹೋದ ಜೇಮಿ ವಿದೂಷಕನ ವೇಷ ಆರಿಸಿಕೊಳ್ಳುತ್ತಾಳೆ. ಮೊದಲ ಚಿತ್ರ ನೆನಪಿರುವವರಿಗೆ ಇಲ್ಲಿ ಒಂದು ಗಂಟೆ ಬಾರಿಸುತ್ತದೆ.

ರೇಚಲ್ ಈ ಪ್ರಕಾರದ ಚಿತ್ರಗಳಲ್ಲಿ ಅಪರೂಪದ ಹುಡುಗಿ. ಕೊನೆಗೆ ಉಳಿಯುವವಳು ಅವಳೇ, ಆದರೆ ಅವಳು ಓಡುವುದು ತನ್ನ ಜೀವಕ್ಕಾಗಿ ಮಾತ್ರವಲ್ಲ, ಕೈಹಿಡಿದ ಮಗುವಿಗಾಗಿ. ಬೆಳಿಗ್ಗೆ ‘ಇವಳಿಂದಾಗಿ ನನ್ನ ಸಂಜೆ ಹಾಳಾಯಿತು’ ಎಂದು ಗೊಣಗಿದವಳು, ಮಗುವಿನ ಕಿವಿಗೆ ಅದು ಬಿದ್ದದ್ದು ಗೊತ್ತಾಗಿ ಒದ್ದಾಡಿದವಳು, ರಾತ್ರಿ ಪಿಕಪ್ ವಾಹನವನ್ನು ನೇರ ಮೈಕಲನ ಮೇಲೆ ಹಾಯಿಸುತ್ತಾಳೆ. 11 ದಿನದಲ್ಲಿ ಬರೆದ ಕತೆಯಲ್ಲಿ ಇಷ್ಟು ಒಳ್ಳೆಯ ಸಂಬಂಧವೊಂದು ಇದೆ ಎಂಬುದನ್ನು ಕಾಣದೆ ಚಿತ್ರವನ್ನು ತಳ್ಳಿಹಾಕಿದರೆ ಅನ್ಯಾಯ.

ಈಗ ಕೊನೆಗೆ ಬರುತ್ತೇನೆ. ಬಿದ್ದ ಮೈಕಲನ ಕೈಯನ್ನು ಜೇಮಿ ಹೋಗಿ ಮುಟ್ಟುತ್ತಾಳೆ. ಅವನು ಏಳುತ್ತಾನೆ, ಪೊಲೀಸರ ಗುಂಡುಗಳಿಗೆ ಸಿಕ್ಕಿ ಹಳೆಯ ಗಣಿಯ ಗುಂಡಿಗೆ ಬೀಳುತ್ತಾನೆ. ಎಲ್ಲ ಮುಗಿಯಿತು. ಮನೆಗೆ ಬರುತ್ತಾರೆ. ಸಾಕುತಾಯಿ ಮಗುವಿಗೆ ಸ್ನಾನ ಮಾಡಿಸಲು ಮೇಲೆ ಹೋಗಿ ನೀರು ಬಿಡುತ್ತಾಳೆ. ಆಗ ಕ್ಯಾಮೆರಾ ಯಾರದೋ ಕಣ್ಣಾಗಿ ನಡೆಯತೊಡಗುತ್ತದೆ. ಒಂದು ಕೈ ಮುಖವಾಡ ಎತ್ತಿಕೊಳ್ಳುತ್ತದೆ. ಮತ್ತೆ ಅದೇ ಎರಡು ಕಣ್ಣುತೂತುಗಳ ನೋಟ, ಕೈಯಲ್ಲಿ ಕತ್ತರಿ. ಕಿರುಚಾಟ ಕೇಳಿ ಲೂಮಿಸ್ ಮೆಟ್ಟಿಲ ಬುಡಕ್ಕೆ ಓಡಿಬರುತ್ತಾರೆ. ಮೇಲೆ, ವಿದೂಷಕನ ವೇಷದಲ್ಲಿ, ರಕ್ತ ಹತ್ತಿದ ಕತ್ತರಿ ಹಿಡಿದು ಜೇಮಿ ನಿಂತಿದ್ದಾಳೆ. ಪ್ಲೆಸೆನ್ಸ್ ಅಲ್ಲಿ ಕೂಗುವ ‘ಬೇಡ’ ಎಂಬ ಕೂಗನ್ನು, ಪಿಸ್ತೂಲು ಎತ್ತಿ ಮಗುವಿಗೆ ಗುರಿ ಇಟ್ಟ ಅವರ ಕೈಯನ್ನು ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಹಿಡಿದು ತಡೆಯುವುದನ್ನು ನೋಡಿಯೇ ತಿಳಿಯಬೇಕು.

ಇದನ್ನು ಬರೀ ಆಘಾತದ ತಿರುವು ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಎರಡನೆಯ ಭಾಗ ಮೈಕಲನಿಗೆ ಕಾರಣ ಕೊಟ್ಟು ಅವನನ್ನು ಸಣ್ಣವನನ್ನಾಗಿಸಿತ್ತು ಎಂದೆನಲ್ಲ, ಈ ದೃಶ್ಯ ಆ ಸಾಲವನ್ನು ತೀರಿಸುತ್ತದೆ. ರಕ್ತಸಂಬಂಧವೆಂಬ ಆ ದುರ್ಬಲ ಎಳೆಯನ್ನೇ ಹಿಡಿದು ಮತ್ತೆ ಕಾರಣವಿಲ್ಲದ ಭಯಕ್ಕೆ ನಮ್ಮನ್ನು ತಂದು ನಿಲ್ಲಿಸುತ್ತದೆ. ಇವಳು ಯಾಕೆ ಹೀಗೆ ಮಾಡಿದಳು? ಅವನ ಕೈ ಮುಟ್ಟಿದ್ದರಿಂದಲೇ? ಅಣಕಿಸಿದ ಮಕ್ಕಳಿಂದಲೇ? ತನ್ನದಲ್ಲದ ಮನೆಯ ನೋವಿನಿಂದಲೇ? ಚಿತ್ರ ಬಾಯಿ ಬಿಡುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಮೈಕಲನಿಲ್ಲದೆ ಈ ಸರಣಿ ಮುಂದುವರಿಯುವ ದಾರಿ ಇಲ್ಲಿ ಹುಟ್ಟಿತು. ಮೂರನೆಯ ಭಾಗ ಮಾಡಲು ಹೋಗಿ ಸೋತದ್ದನ್ನು ಇದು ಕತೆಯ ಒಳಗಿನಿಂದಲೇ ಸಾಧಿಸಿತು.

ಚಿತ್ರ ಗೆದ್ದಿತು. ಬಿಡುಗಡೆಯಾದಾಗ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಮೊದಲ ಸ್ಥಾನ, ಒಟ್ಟು ಗಳಿಕೆ ಸುಮಾರು 1 ಕೋಟಿ 78 ಲಕ್ಷ ಡಾಲರ್. ಗೆದ್ದದ್ದೇ ತಪ್ಪಾಯಿತು. ಒಂದೇ ವರ್ಷಕ್ಕೆ, 1989ರ ಅಕ್ಟೋಬರ್‌ಗೆ, ಐದನೆಯದನ್ನು ಸಿದ್ಧಪಡಿಸಿದರು. ಅದರಲ್ಲಿ ಸಾಕುತಾಯಿ ಸತ್ತಿಲ್ಲ. ಜೇಮಿ ಮಾತು ನಿಂತು ಮಕ್ಕಳ ಆಸ್ಪತ್ರೆಯಲ್ಲಿದ್ದಾಳೆ, ಮೈಕಲನೊಂದಿಗೆ ಅವಳಿಗೆ ಮನಸ್ಸಿನ ಸಂಪರ್ಕವಿದೆ, ಅವಳು ಬರೀ ನೊಂದವಳು. ರೇಚಲಳನ್ನು ಚಿತ್ರದ ಮೊದಲ ಭಾಗದಲ್ಲೇ ಕೊಂದು ಹಾಕಿದ್ದಾರೆ. ಗಣಿಗೆ ಬಿದ್ದ ಮೈಕಲ್ ಹಾಯಾಗಿ ಎದ್ದು ಬಂದಿದ್ದಾನೆ. ಹಿಂದಿನ ವರ್ಷ ಬರೆದ ಒಳ್ಳೆಯ ವಾಕ್ಯದ ಮೇಲೆ ಅಡ್ಡಗೆರೆ ಎಳೆದರು. ಮುಖವಾಡದ ಬೆಲೆ ಗೊತ್ತಿದ್ದ ವ್ಯಾಪಾರಿಗಳಿಗೆ ಪುಟ್ಟ ಹುಡುಗಿಯ ಮೇಲೆ ಬಂಡವಾಳ ಹೂಡುವ ಧೈರ್ಯ ಬರಲಿಲ್ಲ. ಗಳಿಕೆ 1 ಕೋಟಿ 16 ಲಕ್ಷಕ್ಕೆ ಇಳಿಯಿತು. ಮುಂದೆ 1998ರ ಚಿತ್ರ ನಾಲ್ಕು, ಐದು, ಆರನೆಯ ಭಾಗಗಳು ನಡೆದೇ ಇಲ್ಲ ಎಂಬಂತೆ ಕತೆ ಹೇಳಿತು. 2018ರದು ಮೊದಲನೆಯದನ್ನು ಬಿಟ್ಟು ಉಳಿದ ಎಲ್ಲವನ್ನೂ ಅಳಿಸಿತು. ಹೀಗೆ ಜೇಮಿ ಎಂಬ ಮಗು ಸರಣಿಯ ಅಧಿಕೃತ ವಂಶಾವಳಿಯಿಂದಲೇ ಹೊರಬಿದ್ದಳು.

ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: ಮುಂದಿನ ಭಾಗ ಮಾಡಿದ ತಪ್ಪಿಗೆ ಈ ಭಾಗವನ್ನು ಹೊಣೆ ಮಾಡಬಹುದೇ? ಮಾಡಬಾರದು. ಆದರೆ ಸರಣಿಯ ಚಿತ್ರವನ್ನು ಒಂಟಿಯಾಗಿ ನೋಡುವುದೂ ಸಾಧ್ಯವಾಗುವುದಿಲ್ಲ. ಐದನೆಯದನ್ನು ನೋಡಿ ಬಂದವರಿಗೆ ನಾಲ್ಕನೆಯದರ ಕೊನೆ ಬರೀ ಗಿಮಿಕ್ ಆಗಿ ಕಾಣುತ್ತದೆ, ಅದು ಗಿಮಿಕ್ ಆದದ್ದು ಐದನೆಯದರಿಂದಲೇ. ಆದ್ದರಿಂದ ನನ್ನ ಸಲಹೆ ಇಷ್ಟು: 1978ರದನ್ನು ನೋಡಿ, ನಂತರ ನೇರವಾಗಿ ನಾಲ್ಕನೆಯದಕ್ಕೆ ಬನ್ನಿ, ಅಲ್ಲಿಗೆ ನಿಲ್ಲಿಸಿ. ಎರಡನೆಯದು ತಪ್ಪಿದ್ದರಿಂದ ಬೆಂಕಿಯ ಮಾತು, ತಂಗಿಯ ಮಾತು ಒಂದೆರಡು ಕಡೆ ತೊಡಕಾಗಬಹುದು. ಸಂದರ್ಭದಿಂದ ತಿಳಿಯುತ್ತದೆ.

ಇನ್ನೊಬ್ಬರು ಹದಿಮೂರರಲ್ಲಿ ಇದಕ್ಕೆ ಎಷ್ಟನೆಯ ಸ್ಥಾನ ಎಂದು ಕೇಳಿದರು. ಮೊದಲನೆಯದರ ನಂತರ ದೊಡ್ಡ ಅಂತರ ಬಿಟ್ಟು, 2018ರದೂ ಮೂರನೆಯ ಭಾಗವೂ ಕುಳಿತಿರುವ ಸಾಲಿನಲ್ಲಿ ಇದಕ್ಕೂ ಜಾಗ ಕೊಡುತ್ತೇನೆ. ಮೂರನೆಯ ಭಾಗ ಇದಕ್ಕಿಂತ ಮೇಲೆಯೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಜಗಳಕ್ಕೆ ಬಂದರು. ಅರ್ಧ ಒಪ್ಪಿದೆ.